ಜೋಡಿ ಕಿವಿ

ಎಡಗಿವಿ ಒರೆಸಿ ಮುಗಿಸಿ, ಬಟ್ಟೆಯನ್ನು ಬಟ್ಟಲಿನ ನೀರಿನಲ್ಲಿ ಅದ್ದಿ ಹಿಂಡಿ, ಮಗಳು ಅಪ್ಪನ ತಲೆಯನ್ನು ಮೆಲ್ಲಗೆ ಆಚೆ ವಾಲಿಸಿದಳು. ಬಲಗಿವಿಯ ಮುಂದೆ, ಕೆನ್ನೆಮೂಳೆ ಶುರುವಾಗುವಲ್ಲಿ, ಅಂಗಿಯ ಗುಂಡಿಯಷ್ಟು ಅಗಲಕ್ಕೆ ಚರ್ಮ ಗಟ್ಟಿಯಾಗಿ ಕಪ್ಪಿಟ್ಟಿತ್ತು. ಅಲ್ಲಿಗೆ ಬಂದಾಗ ಅವಳ ಕೈ ತಾನಾಗಿ ನಿಂತಿತು.

"ಅಲ್ಲಿ ತಿಕ್ಕಬೇಡವೇ. ಅದು ಕೊಳೆಯಲ್ಲ," ಎಂದರು ಸೋದರತ್ತೆ. ಅವರು ತಮ್ಮನ ಕಾಲ ಬಳಿ ಕೂತು ಕಾಲುಚೀಲ ಹಾಕುತ್ತಿದ್ದರು.

"ಗೊತ್ತು ಅತ್ತೆ."

ಅದು ಕಬ್ಬಿಣದ ಕಡ್ಡಿ ಊರಿ ಊರಿ ಆದ ಗುರುತು. ಅಪ್ಪ ನೀರಿನ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ರಸ್ತೆಯ ಕೆಳಗೆ ಎಲ್ಲಿ ಪೈಪು ಸೋರುತ್ತಿದೆ ಎಂದು ಕಂಡುಹಿಡಿಯುವುದು ಅವರ ಕೆಲಸ. ಎದೆಮಟ್ಟದ ಕಡ್ಡಿಯ ಒಂದು ತುದಿಯನ್ನು ನೆಲಕ್ಕಿಟ್ಟು, ಇನ್ನೊಂದು ತುದಿಯನ್ನು ಕಿವಿಯ ಹತ್ತಿರ ಒತ್ತಿ, ಬಸ್ಸು ಲಾರಿಗಳ ನಡುವೆ ಕಣ್ಣು ಮುಚ್ಚಿಕೊಂಡು ನಿಂತುಬಿಡುತ್ತಿದ್ದರು. ಜನ ಅವರನ್ನು ನೆಲದ ಡಾಕ್ಟ್ರು ಎಂದು ತಮಾಷೆ ಮಾಡುತ್ತಿದ್ದರು. ಅವರಿಗೂ ಆ ಹೆಸರಿನ ಮೇಲೆ ಒಳಗೊಳಗೇ ಪ್ರೀತಿಯಿತ್ತು.

"ಕೊನೆಗೆ ಏನಾದ್ರೂ ಅಂದ್ನಾ?" ಅತ್ತೆ ಕೇಳಿದರು. ಬೆಳಗಿನಿಂದ ಇದು ಮೂರನೇ ಸಲ.

"ಇಲ್ಲ ಅತ್ತೆ. ನಿದ್ದೇಲೇ ಹೋದ್ರು."

ಹೇಳುವಾಗ ಅವಳು ಅತ್ತೆಯ ಮುಖ ನೋಡಲಿಲ್ಲ. ಬಟ್ಟಲಿನ ನೀರನ್ನು ಚೆಲ್ಲುವ ನೆಪದಲ್ಲಿ ಎದ್ದುಹೋದಳು.

*

ನಿನ್ನೆ ಮಧ್ಯಾಹ್ನ ಅವಳು ಆಸ್ಪತ್ರೆಯಿಂದ ಬಂದಾಗ ಮೂರು ದಾಟಿತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ಕೆಲಸ. ದಿನಕ್ಕೆ ನಾನೂರು ಹಾಸಿಗೆ ಬಟ್ಟೆ ಒಣಗಿಸಿ ಮಡಚಿ ಬಂದವಳು, ಕಾಲು ತೊಳೆದು, ಅಪ್ಪನ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಫೋನು ತೆಗೆದಳು. ಯಾರೋ ಒಬ್ಬ ಹೆಂಗಸು ಹಾಸಿಗೆ ಬಟ್ಟೆ ಮಡಚುವುದು ಹೇಗೆಂದು ತೋರಿಸುತ್ತಿದ್ದಳು! ನಗು ಬರಬೇಕಾದ ವಿಷಯ. ಆದರೆ ಬೆರಳು ಅಲ್ಲೇ ನಿಂತಿತು, ಕಣ್ಣೂ ನಿಂತಿತು. ಆ ಹೆಂಗಸಿನ ಉಗುರಿನ ಹಸಿರು ಬಣ್ಣ, ನಾಲ್ಕು ಮೂಲೆಯನ್ನು ಒಂದರೊಳಗೊಂದು ತೂರಿಸುವ ಚಳಕ, ಹಿಂದುಗಡೆ ಕಿಟಕಿಯಲ್ಲಿ ಮಲಗಿದ್ದ ಬೆಕ್ಕು, ಎಲ್ಲವೂ ಅವಳಿಗೆ ಈಗಲೂ ನೆನಪಿದೆ.

"ಕೇಳಿಸ್ತಾ?" ಎಂದರು ಅಪ್ಪ.

"ಹೂಂ," ಎಂದಳು.

ಅಪ್ಪನ ಮುಖದಲ್ಲಿ ನಗು ಬಂದದ್ದು ಓರೆಗಣ್ಣಿಗೆ ಕಂಡಿತ್ತು. ಅಷ್ಟೊಂದು ನಗು ಯಾಕೆ ಎಂದು ಕೇಳಲು ಅವಳು ತಲೆಯೆತ್ತಲಿಲ್ಲ. ಫೋನಿನ ಬ್ಯಾಟರಿ ಮುಗಿಯುತ್ತಿರುವ ಸೂಚನೆ ಬಂದಮೇಲೆ ಎತ್ತಿದಳು. ಅಷ್ಟರಲ್ಲಿ ಅಪ್ಪ ಹೋಗಿಯಾಗಿತ್ತು.

ಅವರು ಆ ಮಾತು ಆಡುವ ಹೊತ್ತಿಗೆ ಸರಿಯಾಗಿ ಲಾಂಡ್ರಿಯ ಮೇಲ್ವಿಚಾರಕಿಯಿಂದ ಒಂದು ಸಂದೇಶ ಬಂದಿತ್ತು, ಅದನ್ನು ಹೆಬ್ಬೆರಳಿನಿಂದ ಆಚೆ ತಳ್ಳಿದ್ದಳು. ರಾತ್ರಿ ತೆಗೆದು ನೋಡಿದರೆ ಮೂರು ನಲವತ್ತೈದು ಎಂದಿತ್ತು. ಏನು ಕೇಳಿಸಿಕೊಳ್ಳಲಿಲ್ಲವೋ ಅದರ ಗಳಿಗೆ ಮಾತ್ರ ಫೋನಿಗೆ ನಿಮಿಷದ ಲೆಕ್ಕದಲ್ಲಿ ಗೊತ್ತಿತ್ತು.

*

ಹನ್ನೆರಡರ ಹೊತ್ತಿಗೆ ಮನೆ ತುಂಬಿತು. ಅಪ್ಪನನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಬಂದವರು ಚಪ್ಪಲಿ ಬಿಟ್ಟು, ಒಂದು ಗಳಿಗೆ ಕೈಕಟ್ಟಿ ನಿಂತು, ಆಮೇಲೆ ಗೋಡೆಯ ಪಕ್ಕ ಸರಿದು ಫೋನು ತೆಗೆಯುತ್ತಿದ್ದರು. ಅವರನ್ನು ಬೈಯುವ ಹಕ್ಕು ತನಗಿಲ್ಲ ಎಂದು ಮಗಳಿಗೆ ಗೊತ್ತಿತ್ತು. ಅಣ್ಣನಂತೂ ಬೆಳಗಿನಿಂದ ಫೋನನ್ನು ಕಿವಿಯಿಂದ ಇಳಿಸಿರಲಿಲ್ಲ. ಗಾಡಿ, ಸ್ಮಶಾನದ ಸಮಯ, ದೂರದವರಿಗೆ ದಾರಿ ಹೇಳುವುದು, ಎಲ್ಲ ಅವನ ತಲೆಯ ಮೇಲೇ ಬಿದ್ದಿತ್ತು.

"ನಿದ್ದೇಲೇ ಹೋದ್ರು, ಏನೂ ನರಳಲಿಲ್ಲ," ಎಂದು ಅವನು ಹೇಳಿದ ಪ್ರತಿ ಸಲವೂ ಅವಳು ಎದ್ದು ಬೇರೆ ಕೋಣೆಗೆ ಸರಿಯುತ್ತಿದ್ದಳು. ಅವಳು ಹೇಳಿದ ಸುಳ್ಳು ಈಗ ಊರೆಲ್ಲ ಓಡಾಡುತ್ತಿತ್ತು.

ಎರಡು ಗಂಟೆಗೆ ನೀರಿನ ಕಚೇರಿಯವರು ಬಂದರು. ನೀಲಿ ಅಂಗಿಯ ಆರು ಜನ, ಅವರ ನಡುವೆ ಬಿಳಿ ಮೀಸೆಯ ಒಬ್ಬ ಮುದುಕ. ಮುದುಕರನ್ನು ಮಗಳು ನೋಡಿದ್ದೇ ಗುರುತಿಸಿದಳು. ಅವರು ಅಪ್ಪನ ಜೊತೆ ದುಡಿದ ಜೋಡಿಮಾಮ.

*

ಒಂಬತ್ತು ವರ್ಷದವಳಿದ್ದಾಗ ಶಾಲೆಗೆ ರಜೆಯೆಂದು ಅಪ್ಪ ಒಂದು ಬೆಳಿಗ್ಗೆ ಅವಳನ್ನು ಕೆಲಸಕ್ಕೆ ಕರೆದುಕೊಂಡು ಹೋಗಿದ್ದರು. ಬೇಕರಿಯ ಮುಂದೆ ರಸ್ತೆ ಬೇಸಿಗೆಯಲ್ಲೂ ಒದ್ದೆಯಾಗಿತ್ತು. ಅಪ್ಪ ಕಡ್ಡಿ ಇಟ್ಟು, ಎರಡು ಹೆಜ್ಜೆ ಸರಿದು, ಮತ್ತೆ ಇಟ್ಟು, ಒಂದು ಕಡೆ ಕಣ್ಣು ಮುಚ್ಚಿ ನಿಂತರು. ಆಮೇಲೆ ಕಡ್ಡಿಯನ್ನು ಅಲ್ಲಾಡಿಸದೆ ತಮ್ಮ ತಲೆ ಮಾತ್ರ ತೆಗೆದರು. ಆ ಜಾಗಕ್ಕೆ ಜೋಡಿಮಾಮ ತಲೆಯಿಟ್ಟರು.

"ಕೇಳಿಸ್ತಾ?" ಎಂದರು ಅಪ್ಪ.

ಜೋಡಿಮಾಮನೂ ಕಣ್ಣು ಮುಚ್ಚಿದರು. ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು. ಅವಳಿಗೆ ಕಾಲು ನೋಯತೊಡಗಿತು. ಕೊನೆಗೆ ಅವರು, "ಹೂಂ," ಎಂದರು. ಆಗಷ್ಟೇ ಅಪ್ಪ ಬಣ್ಣದ ಡಬ್ಬಿ ತೆಗೆದು ರಸ್ತೆಯ ಮೇಲೆ ಕೆಂಪು ಗುರುತು ಹಾಕಿದರು.

ಕಚೇರಿಯ ಕಟ್ಟಳೆ ಅದು. ಒಬ್ಬನಿಗೆ ಕೇಳಿಸಿದರೆ ಅಗೆಯುವಂತಿಲ್ಲ. ಒಂಟಿ ಕಿವಿಗೆ ಆಸೆ ಜಾಸ್ತಿ, ಇಲ್ಲದ್ದೂ ಕೇಳುತ್ತದೆ ಎನ್ನುತ್ತಿದ್ದರು ಅಪ್ಪ. ಜೋಡಿ ಕಿವಿಯವನು ತನಗೆ ತಾನೇ ಕೇಳಿ "ಹೂಂ" ಅಂದರೆ ಮಾತ್ರ ಗುದ್ದಲಿ ಎತ್ತಬೇಕು. ಆ ಒಂದು "ಹೂಂ" ಮೇಲೆ ಅರ್ಧ ಬೀದಿಯನ್ನು ಅಗೆದುಹಾಕುತ್ತಿದ್ದರು. ಅವತ್ತು ಗುಂಡಿ ತೋಡಿದಾಗ ಆಳಿನ ಸೊಂಟದಷ್ಟು ಕೆಳಗೆ, ಕೂದಲೆಳೆಯಂಥ ಬಿರುಕಿನಿಂದ ನೀರು ಚಿಮ್ಮುತ್ತಿತ್ತು. ಅಷ್ಟು ಮಣ್ಣಿನ ಕೆಳಗಿನ ಅಷ್ಟು ಸಣ್ಣ ಬಿರುಕು ಅಪ್ಪನಿಗೆ ಕೇಳಿತಲ್ಲ ಎಂದು ಅವಳು ಬಾಯಿ ಬಿಟ್ಟುಕೊಂಡು ನೋಡಿದ್ದಳು.

*

ಅಡುಗೆಮನೆಯಲ್ಲಿ ಅವಳು ಕೊಟ್ಟ ಚಹಾವನ್ನು ಜೋಡಿಮಾಮ ಎರಡೂ ಕೈಯಲ್ಲಿ ಹಿಡಿದು ಕೂತರು.

"ನಿದ್ದೇಲಿ ಹೋದ್ನಂತೆ?" ಎಂದರು. "ಅವನು ಹಗಲು ಹೊತ್ತು ನಿದ್ದೆ ಮಾಡಿದ್ದು ನಾನು ನೋಡಿಲ್ಲಮ್ಮ. ಮಲಗಿದ್ರೂ ಕಿವಿ ಎದ್ದಿರ್ತಿತ್ತು."

ಅವಳಿಗೆ ತಡೆಯಲಾಗಲಿಲ್ಲ. ಹತ್ತಿರ ಬಗ್ಗಿ ಪಿಸುಗುಟ್ಟಿದಳು.

"ಏನಂದೆ?" ಜೋಡಿಮಾಮ ಕಿವಿಗೆ ಕೈ ಅಡ್ಡ ಹಿಡಿದರು. "ನನ್ನ ಕಿವಿ ಹೋಗಿ ಆರು ವರ್ಷ ಆಯ್ತು. ಜೋರಾಗಿ ಹೇಳು."

ಇನ್ನೊಮ್ಮೆ ಹೇಳಿದಳು. ಅವರು ತಲೆಯಾಡಿಸಿದರು. "ಇನ್ನೂ ಜೋರು!"

"ನಾನು ಫೋನ್ ನೋಡ್ತಾ ಕೂತಿದ್ದೆ ಮಾಮ!" ಅವಳು ಕೂಗಿಯೇಬಿಟ್ಟಳು. "ಅಪ್ಪ 'ಕೇಳಿಸ್ತಾ' ಅಂದ್ರು. ನನಗೇನೂ ಕೇಳಿಸಿರಲಿಲ್ಲ. ಸುಮ್ಮನೆ 'ಹೂಂ' ಅಂದ್ಬಿಟ್ಟೆ! ಅವರು ನಕ್ಕರು. ನಂಬಿಕೊಂಡು ಹೋದ್ರು!"

ಮುಂದಿನ ಕೋಣೆಯಲ್ಲಿ ಮಾತು ನಿಂತಿತು. ಬಾಗಿಲಲ್ಲಿ ಅಣ್ಣ ಕಾಣಿಸಿಕೊಂಡ, ಹಿಂದೆ ಅತ್ತೆ.

"ನಿದ್ದೇಲಿ ಅಂದ್ಯಲ್ಲ?" ಎಂದ ಅಣ್ಣ. "ನಾನು ಬಂದವರಿಗೆಲ್ಲ ಹಾಗೇ ಹೇಳಿದೀನಿ."

"ಸುಳ್ಳು ಹೇಳಿದೆ ಅಣ್ಣ."

ಅವನ ಬಾಯಿಗೆ ಏನೋ ಬಂತು. ಕೈಯಲ್ಲಿದ್ದ ತನ್ನ ಫೋನಿನ ಕಡೆ ಕಣ್ಣು ಹೋದದ್ದೇ, ಬಂದ ಮಾತನ್ನು ನುಂಗಿ ಫೋನನ್ನು ಜೇಬಿಗೆ ಹಾಕಿದ.

ಜೋಡಿಮಾಮ ಲೋಟ ಕೆಳಗಿಟ್ಟರು. ಅವರ ಮುಖಕ್ಕೆ ಕೆಲಸದ ಕಳೆ ಬಂದಿತ್ತು.

"ಎಷ್ಟು ಗಂಟೆಗೆ?"

"ಮೂರು ಮುಕ್ಕಾಲು," ಎಂದು ಅವರ ಕಿವಿಯ ಹತ್ತಿರ ಕೂಗಿದಳು.

"ಕೇಳುವಾಗ ಅವನ ಕಣ್ಣು ತೆಗೆದಿತ್ತಾ, ಮುಚ್ಚಿತ್ತಾ?"

ಅವಳು ನೆನಪು ಮಾಡಿಕೊಂಡಳು. ಓರೆಗಣ್ಣಿನಲ್ಲಿ ಕಂಡದ್ದಷ್ಟೇ ಅವಳ ಪಾಲಿಗೆ ಉಳಿದದ್ದು. "ಮುಚ್ಚಿತ್ತು."

"ಹಾಗಾದ್ರೆ ಬಡಬಡಿಕೆ ಅಲ್ಲ. ಏನೋ ಕೇಳಿದೆ ಅವನಿಗೆ." ಮುದುಕ ಮೊಣಕಾಲು ಹಿಡಿದುಕೊಂಡು ಎದ್ದರು. "ನಾನೂ ಒಂದು ಸಲ ಸುಳ್ಳು ಹೂಂ ಅಂದಿದ್ದೆ ಕಣಮ್ಮ. ಹೊಟ್ಟೆ ಹಸಿದಿತ್ತು, ಬೇಗ ಮುಗೀಲಿ ಅಂತ. ಅಗೆದ್ರೆ ಬರೀ ಒಣಮಣ್ಣು. ನಾಕು ಜನ ಆಳು, ಅರ್ಧ ದಿನ. ನಿಮ್ಮಪ್ಪ ಒಂದು ಮಾತು ಅನ್ನಲಿಲ್ಲ. ಗುಂಡಿ ಮುಚ್ಚಿಸಿದ. ಮಾರನೇ ದಿನ ಅದೇ ಹೊತ್ತಿಗೆ ನನ್ನನ್ನ ಅದೇ ಜಾಗಕ್ಕೆ ಕರ್ಕೊಂಡು ಹೋಗಿ, ಕಡ್ಡಿ ಊರಿ, 'ಕೇಳಿಸ್ತಾ?' ಅಂದ. ಅಷ್ಟೇ."

"ಆಮೇಲೆ?"

"ಕೇಳಿಸೋವರೆಗೂ ನಿಂತ್ಕೊಂಡೆ. ಎಲ್ಲಿ ಅವನ ಮಂಚ?"

*

ಮಂಚ ಬೀದಿಗೆ ಕಿಟಕಿಯಿದ್ದ ಒಳಕೋಣೆಯಲ್ಲಿತ್ತು. ಹಾಸಿಗೆ ಬಟ್ಟೆಯನ್ನು ಬೆಳಿಗ್ಗೆಯೇ ತೆಗೆದಿದ್ದರು.

"ಎರಡು ತಿಂಗಳ ಹಿಂದೆ ಕಿಟಕಿ ಹತ್ರ ಇತ್ತು," ಎಂದರು ಅತ್ತೆ. "ಹಟ ಹಿಡಿದು ಈ ಗೋಡೆಗೆ ಒತ್ತಿಸ್ಕೊಂಡ. ಇನ್ನೂ ಸರಿಸಿ, ಇನ್ನೂ ಸರಿಸಿ ಅಂತ ಪ್ರಾಣ ತಿಂದ. ಕಿಟಕಿ ಗಾಳಿ ಆಗ್ತಿಲ್ಲ ಪಾಪ ಅಂದ್ಕೊಂಡ್ವಿ."

ಜೋಡಿಮಾಮ ಮಂಚದ ತಲೆಭಾಗದ ಹಿಂದೆ ಕೈ ತೂರಿಸಿ ತಡವಿದರು. ಅವರ ಕೈ ಒಂದು ಕಡೆ ನಿಂತಿತು. "ಬಂದು ನೋಡು," ಎಂದು ಮಗಳನ್ನು ಕರೆದರು.

ಬೀದಿಯಿಂದ ಮನೆಯೊಳಗೆ ಬರುವ ನೀರಿನ ಪೈಪು ಆ ಗೋಡೆಯುದ್ದಕ್ಕೂ ಹೋಗಿತ್ತು. ಮಂಚದ ತಲೆಯ ಕಬ್ಬಿಣದ ಸಲಾಕೆ ಆ ಪೈಪಿಗೆ ಸರಿಯಾಗಿ ತಾಗುವಂತೆ ಮಂಚ ನಿಂತಿತ್ತು. ತಾಗುವ ಜಾಗದಲ್ಲಿ ಮಾತ್ರ ಎರಡರ ಬಣ್ಣವನ್ನೂ ಯಾರೋ ಕೆರೆದು ತೆಗೆದಿದ್ದರು. ಕಬ್ಬಿಣಕ್ಕೆ ಕಬ್ಬಿಣ. ಹಾಸಿಗೆಯ ಅಡಿಯಲ್ಲಿ ಒಂದು ಚಮಚ ಸಿಕ್ಕಿತು, ಅದರ ಅಂಚು ಸವೆದಿತ್ತು. ತಿಂಗಳ ಹಿಂದೆ ಕಾಣೆಯಾದ ಚಮಚ ಅದು. ಕಳೆದುಹಾಕಿದ್ದೀರಿ ಎಂದು ಅವಳು ಅಪ್ಪನ ಮೇಲೆ ರೇಗಿದ್ದಳು, ಅಪ್ಪ ಬೆಪ್ಪನ ಹಾಗೆ ಮುಖ ಮಾಡಿ ಸುಮ್ಮನಿದ್ದರು.

"ಹಾಸಿಗೆ ಹಿಡಿದೋನು ಮನೆಯನ್ನೇ ಕಡ್ಡಿ ಮಾಡ್ಕೊಂಡಿದಾನೆ," ಎಂದರು ಜೋಡಿಮಾಮ. ಕಣ್ಣು ಒದ್ದೆಯಾಗಿತ್ತು, ಮೀಸೆ ನಗುತ್ತಿತ್ತು. "ಈಗ ಟೈಮೆಷ್ಟು?"

"ಮೂರು ಇಪ್ಪತ್ತು," ಎಂದ ಅಣ್ಣ. "ಮಾಮ, ಮೂರೂವರೆಗೆ ಗಾಡಿ ಹೊರಡಬೇಕು. ಐದಕ್ಕೆ ಅಲ್ಲಿ ಬಾಗಿಲು ಹಾಕ್ತಾರಂತೆ."

ಮಗಳು ಅಣ್ಣನನ್ನು ನೋಡಿದಳು. ಇವತ್ತು ಈ ಹೊತ್ತು ದಾಟಿದರೆ ಅಪ್ಪ ಮಣ್ಣಿಗೆ ಹೋಗುವುದು ಅವಳ ಸುಳ್ಳಿನ ಜೊತೆಗೇ. ಅಣ್ಣ ಒಂದು ಗಳಿಗೆ ಹಣೆ ಒತ್ತಿಕೊಂಡು ನಿಂತ. ಆಮೇಲೆ ಬೀದಿಗೆ ಇಳಿದು ಗಾಡಿಯ ಡ್ರೈವರಿನ ಹತ್ತಿರ ಹೋದ.

"ಇನ್ನೊಂದು ಅರ್ಧ ಗಂಟೆ ಇರಿ," ಎಂದದ್ದು ಕಿಟಕಿಯಿಂದ ಕೇಳಿಸಿತು.

"ಏನ್ ಸಾರ್, ಯಾರಾದ್ರೂ ಬರಬೇಕಾ?"

"ಇಲ್ಲ. ಅಪ್ಪಂದು ಒಂದು ಕೆಲಸ ಬಾಕಿ ಇದೆ."

*

ಮಗಳು ಬರಿಯ ಹಾಸಿಗೆಯ ಮೇಲೆ, ಅಪ್ಪ ಮಲಗುತ್ತಿದ್ದ ಹಾಗೆ ಬಲಮಗ್ಗುಲಾಗಿ ಮಲಗಿ, ಕಿವಿಯ ಮುಂದಿನ ಮೂಳೆಯನ್ನು ಸಲಾಕೆಗೆ ಒತ್ತಿದಳು. ಜೋಡಿಮಾಮ ನೆಲದ ಮೇಲೆ ಮಂಡಿಯೂರಿ, ಗೋಡೆಯ ಪೈಪಿಗೆ ಹಣೆ ಹಚ್ಚಿದರು. ಕಿವಿ ಕೈಕೊಟ್ಟ ಮೇಲೆ ಅವರಿಗೆ ಉಳಿದದ್ದು ಮೂಳೆಯೊಂದೇ. ಹಚ್ಚುವ ಮೊದಲು ಕಿಟಕಿಯತ್ತ ತಿರುಗಿ, ಅಂಗೈ ಕೆಳಗೆ ಮಾಡಿ ಕೈ ಎತ್ತಿದರು.

ಬೀದಿಯಲ್ಲಿ ನಿಂತಿದ್ದ ಆರು ನೀಲಿ ಅಂಗಿಗಳಿಗೆ ಅಷ್ಟು ಸಾಕಾಯಿತು. ಯಾಕೆ ಏನು ಎಂದು ಕೇಳದೆ ಆರೂ ದಿಕ್ಕಿಗೆ ಚೆದುರಿದರು. ಒಬ್ಬ ಬೀದಿಯ ತುದಿಯಲ್ಲಿ ಸ್ಕೂಟರುಗಳನ್ನು ತಡೆದ. ಇನ್ನೊಬ್ಬ ಮೂಲೆಯ ಅಂಗಡಿಯ ಮಿಕ್ಸಿ ನಿಲ್ಲಿಸಿದ. ಗಾಡಿಯ ಇಂಜಿನ್ ಆರಿತು. ಡ್ರೈವರು ಕಿವಿಗೆ ಸಿಕ್ಕಿಸಿಕೊಂಡಿದ್ದ ವೈರು ಕಿತ್ತು, ಏನೋ ನಡೆಯುತ್ತಿದೆಯಲ್ಲ ಎಂದು ಇಳಿದು ಬಂದ. ಫೋನುಗಳು ಒಂದೊಂದಾಗಿ ಜೇಬು ಸೇರಿದವು.

"ಕೇಳಿಸ್ತಾ?" ಎಂದರು ಜೋಡಿಮಾಮ.

ಅವಳಿಗೆ ತನ್ನ ರಕ್ತ ಓಡುವ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಹೂಂ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ರೂಢಿಯಿಂದ.

"ಇಲ್ಲ!" ಎಂದು ಕೂಗಿದಳು.

"ಸರಿ," ಎಂದು ಮುದುಕ ಮತ್ತೆ ಹಣೆ ಹಚ್ಚಿದರು.

ಕಾಯುವುದು ಇಷ್ಟು ಕಷ್ಟ ಎಂದು ಅವಳಿಗೆ ಮರೆತೇಹೋಗಿತ್ತು. ಮೊದಲ ಐದು ನಿಮಿಷ ಅವಳ ಹೆಬ್ಬೆರಳು ಹಾಸಿಗೆಯ ಮೇಲೆ ತನ್ನಷ್ಟಕ್ಕೆ ತಾನೇ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಅದನ್ನು ಮುಷ್ಟಿಯೊಳಗೆ ಹಿಡಿದಿಟ್ಟಳು. ಆಮೇಲೆ ಒಂದೊಂದೇ ಬರತೊಡಗಿತು. ಅತ್ತೆ ಭಾರ ಬದಲಿಸಿದಾಗ ನೆಲ ಕೊಟ್ಟ ಸದ್ದು. ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ಕೆಳಗಿಟ್ಟದ್ದು. ಮುಂದಿನ ಕೋಣೆಯಲ್ಲಿ ಅಣ್ಣ ಗಂಟಲು ಸರಿಮಾಡಿಕೊಂಡದ್ದು, ಅದು ಥೇಟು ಅಪ್ಪನದೇ ಗಂಟಲು. ಎರಡು ತಿಂಗಳು ಅಪ್ಪ ಇಲ್ಲಿ ಒಬ್ಬರೇ ಬಿದ್ದಿದ್ದಾರೆ, ಬೇಸರ ಹಿಡಿದಿದೆ ಎಂದು ಅವಳು ಮರುಗಿದ್ದಳು. ಬೇಸರ ಎಲ್ಲಿತ್ತು! ಇಡೀ ಕೇರಿ ಅವರ ಕೆನ್ನೆಯ ಕೆಳಗೆ ಓಡಾಡುತ್ತಿತ್ತು.

ಆಗ ಅದು ಬಂತು.

ಮೊದಲು ಅದು ಸದ್ದೇ ಆಗಿರಲಿಲ್ಲ. ತುಂಬ ದೂರದಲ್ಲಿ, ಎಷ್ಟೋ ಬಾಗಿಲುಗಳ ಆಚೆ, ಯಾರೋ ಉಸಿರೆಳೆದುಕೊಂಡ ಹಾಗಾಯಿತು. ಉಸಿರು ನಿಲ್ಲಲಿಲ್ಲ. ಎಳೆಯುತ್ತಲೇ ಹೋಯಿತು, ಹತ್ತಿರವಾಯಿತು, ದಪ್ಪಗಾಯಿತು, ಅದರೊಳಗೊಂದು ಸಣ್ಣ ಹಾಡಿನಂಥದ್ದು ಎದ್ದಿತು. ಸಲಾಕೆ ನಡುಗಿತು. ಅವಳ ಹಲ್ಲು ನಡುಗಿತು. ನೆಲದಡಿಯಲ್ಲಿ ಏನೋ ಬಹಳ ದೊಡ್ಡದು, ಯಾರಿಗೂ ಕಾಣದಂತೆ, ಮನೆಯಿಂದ ಮನೆಗೆ ದಾಟುತ್ತಾ ಅವಳತ್ತಲೇ ಬರುತ್ತಿತ್ತು. ಅವಳಿಗೆ ಭಯವಾಯಿತು, ಆದರೂ ಕಿವಿ ತೆಗೆಯಲು ಮನಸ್ಸು ಬರಲಿಲ್ಲ. ಜಗತ್ತಿನಲ್ಲಿ ಇಂಥದ್ದು ದಿನಾ ತನ್ನ ಮನೆಯ ಕೆಳಗೇ ನಡೆಯುತ್ತದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅಲ್ಲ, ಹೇಳಿದ್ದರು, ನಿನ್ನೆ.

"ಹೂಂ," ಎಂದಳು. ಅಳುತ್ತಿದ್ದಳು. "ಹೂಂ ಅಪ್ಪ. ಹೂಂ."

ಜೋಡಿಮಾಮ ಪೈಪಿನಿಂದ ಹಣೆ ತೆಗೆದಿರಲಿಲ್ಲ. ಅವರ ಇಡೀ ಮೈ ಸಣ್ಣಗೆ ಅದುರುತ್ತಿತ್ತು.

"ಗಾಳಿ," ಎಂದರು. "ಗುಡ್ಡದ ಟ್ಯಾಂಕಿನ ವಾಲ್ವ್ ಮೂರೂವರೆಗೆ ತೆಗೀತಾರೆ. ನೀರು ಬರ್ತಾ ಖಾಲಿ ಪೈಪಿನ ಗಾಳೀನೆಲ್ಲ ಮುಂದೆ ನೂಕ್ಕೊಂಡು ಬರುತ್ತೆ." ಪೈಪಿನ ಮೇಲೆ ಅಂಗೈಯನ್ನೂ ಇಟ್ಟರು. "ಪೈಪು ತುಂಬಿದ ಮೇಲೇ ಅಲ್ವಾ ಸೋರೋದು? ಅದಕ್ಕೇ ನಾವು ಯಾವಾಗಲೂ ನೀರು ಬಂದ ಮೇಲೇ ಹೋಗ್ತಿದ್ವಿ. ಜೀವಮಾನ ಪೂರ್ತಿ ಸೋರೋ ನೀರನ್ನೇ ಕೇಳಿದ್ವಮ್ಮ. ಬರೋ ನೀರನ್ನ ಒಂದು ದಿನವೂ ಕೇಳಿರಲಿಲ್ಲ. ನನ್ನನ್ನ ಬಿಟ್ಟು ಇವನೊಬ್ಬನೇ ಕೇಳ್ಬಿಟ್ಟ ನೋಡು, ಕಳ್ಳ."

ಅವಳು ಎದ್ದು, ಅಪ್ಪನನ್ನು ದಾಟಿ, ಹೊರಗಿನ ಮೆಟ್ಟಿಲಿಗೆ ಬಂದಳು. ಬೀದಿಯಲ್ಲಿ ನಲವತ್ತು ಜನ ಕದಲದೆ ನಿಂತಿದ್ದರು.

ಆ ಬೀದಿಯಲ್ಲಿ ನೀರು ಬಂದದ್ದು ತಿಳಿಯಲಿ ಎಂದು ಎಲ್ಲರೂ ಅಂಗಳದ ನಲ್ಲಿ ತಿರುಗಿಸಿ, ಕೆಳಗೆ ಬಕೆಟ್ ಇಟ್ಟಿರುತ್ತಾರೆ. ಮೇಲಿನ ತುದಿಯ ಮನೆಯ ನಲ್ಲಿ ಒಮ್ಮೆ ಕೆಮ್ಮಿತು. ಅಷ್ಟೂ ತಲೆಗಳು ಆ ಕಡೆ ತಿರುಗಿದವು. ಅದರ ಪಕ್ಕದ ಮನೆಯದು ಕೆಮ್ಮಿತು, ಅದರ ಪಕ್ಕದ್ದು, ಎದುರಿನದು. ಸದ್ದು ಮನೆಯಿಂದ ಮನೆಗೆ ಇಳಿದು ಬಂದ ಹಾಗೆ ತಲೆಗಳು ಅದರ ಜೊತೆಗೇ ತಿರುಗುತ್ತಾ ಬಂದವು. ಅವರ ಅಂಗಳದ ನಲ್ಲಿ ಸಿಡಿದು, ಬುಸುಗುಟ್ಟಿ, ನೀರಾಯಿತು. ಆಮೇಲೆ ಸದ್ದು ಎಲ್ಲರನ್ನೂ ದಾಟಿ ಕೆಳಗಿನ ತಿರುವಿನತ್ತ ಹೋಯಿತು. ತಲೆಗಳೂ ಹೋದವು. ತಿರುವಿನಾಚೆ ಅದು ಸಣ್ಣಗಾದಾಗ ಜನ ಕತ್ತು ಮುಂದೆ ಚಾಚಿದರು.

ಗಾಡಿಯ ಪಕ್ಕದ ಮನೆಯ ಬಕೆಟ್ ತುಂಬಿ, ತುಳುಕಿ, ರಸ್ತೆಗೆ ಹರಿಯಲು ಶುರುವಾಗಿತ್ತು. ನೀರಿನ ಕಚೇರಿಯ ಆರು ಜನರ ಕಾಲಿನ ಬುಡದಲ್ಲೇ ನೀರು ಹರಿದುಹೋಗುತ್ತಿತ್ತು. ತಿರುವಿನತ್ತಲೇ ಕಿವಿಯಿಟ್ಟಿದ್ದ ಅವರಲ್ಲಿ ಒಬ್ಬರೂ ನಲ್ಲಿ ನಿಲ್ಲಿಸಲು ಹೋಗಲಿಲ್ಲ.